ಗಾಡಿ ನಿಂತ ಬೀದಿ

ಸೂರಪ್ಪನ ಅವ್ವ ಕೊಲ್ಲಾಪುರಮ್ಮನ ಕಾಲ್ಬೆರಳ ಮೇಲೆ ಹನುಮಣ್ಣನ ಗಾಡಿಯ ಚಕ್ರ ಹತ್ತಿಳಿದದ್ದೇ ಎಲ್ಲಕ್ಕೂ ಮೂಲ. ಅಂದಿನಿಂದ ಮುದುಕಿ ಗಾಡಿಗೆ ಹೆದರಿ ಹೊಸ್ತಿಲು ದಾಟಿರಲಿಲ್ಲ. ಮೊಳಕಾಲ್ಮೂರಿನ ಆ ನೇಕಾರರ ಬೀದಿಯ ಆಚೆ ತುದಿಯಲ್ಲಿ ಅವಳ ತಂಗಿ ಉಚ್ಚಂಗೆಮ್ಮ ಹಾಸಿಗೆ ಹಿಡಿದಿದ್ದಳು. ಇವತ್ತೋ ನಾಳೆಯೋ ಎಂಬಂತಿತ್ತು. ಹಿತ್ತಿಲ ಕಡೆ ಬರೀ ಬಂಡೆಗುಡ್ಡ, ಹೋದರೆ ಬೀದಿಯಲ್ಲೇ ಹೋಗಬೇಕು.

“ಎತ್ಕಂಡು ಹೋಗ್ತೀನಿ ಬಾರವ್ವ” ಎಂದು ಸೂರಪ್ಪ ಕರೆದರೆ ಮುದುಕಿಗೆ ರೇಗುತ್ತಿತ್ತು.

“ಬದುಕಿರೋಳನ್ನ ಹೆಣದಂಗೆ ಹೊತ್ಕಂಡು ಹೋಗ್ತೀಯೇನ್ಲೇ? ನಡ್ಕಂಡೇ ಹೋಗ್ತೀನಿ. ಮೊದ್ಲು ಆ ಗಾಡಿ ನಿಲ್ಸು.”

ಊರಿಗೆ ಮುನಿಸಿಪಾಲಿಟಿ ಬಂದು ಇನ್ನೂ ಕಣ್ಣು ಬಿಡುತ್ತಿದ್ದ ಕಾಲ ಅದು. ಬೀದಿಯಲ್ಲಿ ಗಾಡಿ ಬಿಡಬೇಕೇ ಬೇಡವೇ ಎಂದು ಬೀದಿಯವರೇ ಅಂದು ಮಧ್ಯಾಹ್ನ ಚಾವಡಿಯಲ್ಲಿ ಕೈ ಎತ್ತಿ ತೀರ್ಮಾನಿಸಬೇಕಿತ್ತು. ಸೂರಪ್ಪ ಬೆಳಗಾಗುತ್ತಲೇ ಪಕ್ಕದ ಮನೆಯ ಬಾಬು ಸಾಬರ ಬೈಸಿಕಲ್ ಎರವಲು ತಂದು ಮನೆಮನೆಗೂ ಹೊರಟ. ಪಾಪ, ಅವನಿಗೆ ಅದನ್ನು ಹತ್ತಲು ಬರುತ್ತಿತ್ತು, ಇಳಿಯಲು ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಮನೆಯ ಜಗಲಿಗೂ ಢಿಕ್ಕಿ ಹೊಡೆದ ಮೇಲೆಯೇ ಮಾತು ಶುರುವಾಗುತ್ತಿತ್ತು.

“ನಡೆಯೋರಿಗೆ ಬೀದಿ ಬ್ಯಾಡ್ವೇನ್ರಪ್ಪಾ? ಬಂದು ಕೈ ಎತ್ರಿ.”

ನೇಕಾರ ತಿಪ್ಪಯ್ಯ ಮಗ್ಗದ ಗುಂಡಿಯಿಂದ ತಲೆ ಎತ್ತಲಿಲ್ಲ. “ನಾನು ಬೀದಿಗಿಳಿಯೋದೇ ಅಪ್ರೂಪ, ನಂಗೇನಾಗ್ಬೇಕು?” ಅವನ ಹೆಂಡತಿ ಬೋರಕ್ಕ ಮಾತ್ರ ಬಾಗಿಲಿಗೆ ಬಂದು ಬೀದಿಯನ್ನು ಉದ್ದಕ್ಕೂ ನೋಡಿದಳು.

“ಇಡೀ ದಿನ ಒಂದ್ ಗಾಡೀನೂ ಬರಲ್ವಾ?”

“ಒಂದೂ ಬರಲ್ಲ, ಬೋರಕ್ಕಾ.”

“ಹಂಗಾದ್ರೆ ಇವ್ರು ಕೈ ಎತ್ತುತ್ತಾರೆ. ನೀನು ಹೋಗು.”

ಸೂರಪ್ಪನಿಗೆ ಕಣ್ಣು ತುಂಬಿ ಬಂತು. ತನ್ನ ಅವ್ವನ ಕಷ್ಟ ಒಬ್ಬಳಿಗಾದರೂ ಅರ್ಥವಾಯಿತಲ್ಲ ಎಂದುಕೊಂಡ. ಅದೇ ಹುರುಪಿನಲ್ಲಿ ಪೆಡಲು ತುಳಿದರೆ ಎದುರಿಗೆ ಹನುಮಣ್ಣನ ಗಾಡಿ.

“ಲೇ ಸೂರಾ, ಪಕ್ಕಕ್ಕೋಗ್ಲೇ!”

ಪಕ್ಕದಲ್ಲಿದ್ದದ್ದು ಚರಂಡಿ. ಬೈಸಿಕಲ್ಲಿನ ಮುಂದಿನ ಗಾಲಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುರಿತು.

ಚಾವಡಿಗೆ ಬಂದಾಗ ಸೂರಪ್ಪನ ಮೈಯೆಲ್ಲ ಕೆಸರು, ತುಟಿ ಊದಿ ಮಾತೇ ಹೊರಡಲಿಲ್ಲ. ಬಾಬು ಸಾಬರು ಅವನನ್ನೂ ಅವನ ಹೆಗಲ ಮೇಲಿದ್ದುದನ್ನೂ ನೋಡಿದರು.

“ಯಾ ಅಲ್ಲಾ, ನನ್ ಬೈಸಿಕಲ್ಲು! ಈ ಗಾಡಿಗಳು ಇನ್ನು ಬ್ಯಾಡವೇ ಬ್ಯಾಡ” ಎಂದು ಮೊದಲ ಕೈ ಎತ್ತಿದರು. ನೇಕಾರರ ಕೈಗಳೂ ಒಟ್ಟಿಗೆ ಮೇಲೆದ್ದವು. ಹನುಮಣ್ಣ ಗೊಣಗುತ್ತ, ಕೆರೆ ಏರಿ ಸುತ್ತಿ ಹೋಗಲು ಒಪ್ಪಿಕೊಂಡ.

ಮರುದಿನ ಕೊಲ್ಲಾಪುರಮ್ಮ ತಲೆ ಬಾಚಿಕೊಂಡು, ಮಡಿ ಸೀರೆ ಉಟ್ಟು, ಕೋಲು ಹಿಡಿದಳು. ಸೂರಪ್ಪ ಹೆಮ್ಮೆಯಿಂದ ಬಾಗಿಲು ತೆರೆದ.

ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೂಲೇ ನೂಲು. ಇಷ್ಟು ದಿನ ಗಾಡಿಗೆ ಹೆದರಿ ಊರಾಚೆಯ ಹುಣಸೆ ತೋಪಿನಲ್ಲಿ ಹಾಸು ನೂಲನ್ನು ಉದ್ದಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದ ನೇಕಾರರೆಲ್ಲ ಮನೆ ಮುಂದೆಯೇ ಗೂಟ ನೆಟ್ಟಿದ್ದರು. ಸೊಂಟದೆತ್ತರಕ್ಕೆ, ಗೋಡೆಯಿಂದ ಗೋಡೆಗೆ, ಕಾಲಿಡಲು ಗೇಣು ಜಾಗವಿರಲಿಲ್ಲ.

“ಸೂರಪ್ಪಾ, ನಿನ್ ಹೊಟ್ಟೆ ತಣ್ಣಗಿರ್ಲಿ!” ಗಂಜಿಯ ಕುಂಚ ಹಿಡಿದ ತಿಪ್ಪಯ್ಯ ಕೂಗಿದ. “ಅಜ್ಜೀ, ಹಿಂದಕ್ಕೋಗ್ರಿ, ಎಳೆ ಹರಿದೀತು!”

“ಯಾವಾಗ ತೆಗೀತೀಯೋ?” ಸೂರಪ್ಪ ನೂಲಿನ ಈಚೆಯಿಂದಲೇ ಕೇಳಿದ.

“ಇದು ಒಣಗಿದ್ಮ್ಯಾಲೆ ಇನ್ನೊಂದೈತೆ. ಆಮೇಲೆ ಎದುರು ಮನೆಯೋರ್ದು. ಗಾಡಿ ಕಾಟ ಇಲ್ವಲ್ಲ, ಅವಸರ ಏನೈತೆ?”

ಮುದುಕಿ ಕೋಲು ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆ ಕುಳಿತಳು. ನೂಲಿನಾಚೆ ತಂಗಿಯ ಮನೆಯ ಕಡೆ ನೋಡಿದಳು.

“ಗಾಡಿ ಆದ್ರೆ ಬಂದು ಹೋಗ್ತಿತ್ತು ಕಣಪ್ಪಾ” ಎಂದಳು. “ಇದು ಹೋಗೋದೇ ಇಲ್ವಲ್ಲ.”