ಕಂಬದ ಹಿಂದಿನ ಕುರ್ಚಿ

ಸಮಿತಿ ಸೇರುವವರೆಲ್ಲ ಊರಿನ ಉದ್ಧಾರಕ್ಕೇ ಸೇರುತ್ತಾರೆಂದು ನೀವು ನಂಬಿದ್ದರೆ, ಆ ನಂಬಿಕೆ ಕೆಡಿಸಲು ನನಗೆ ಮನಸ್ಸಿಲ್ಲ. ಬನಹಟ್ಟಿಯ ಹಳೆಯ ನಾಟಕ ಥಿಯೇಟರನ್ನು ದುರಸ್ತಿ ಮಾಡಿ ಊರಿನವರ ಬಳಕೆಗೆ ಕೊಡುವ ಸಮಿತಿಗೆ ನಾನು ಸೇರಿದ್ದು ಮಾತ್ರ ಮನೆಯಲ್ಲಿ ಮಾತಾಡಲು ಯಾರೂ ಇಲ್ಲದ್ದಕ್ಕೆ. ಹೆಂಡತಿ ಶಾಂತವ್ವ ತೀರಿಕೊಂಡ ಮೇಲೆ ನಾನು ಟಿವಿಯಲ್ಲಿ ಸುದ್ದಿ ಓದುವವರಿಗೂ ಉತ್ತರ ಕೊಡತೊಡಗಿದ್ದೆ. ಸಮಿತಿಯಲ್ಲಿ ಚಹಾ ಇರುತ್ತದೆ, ಜಗಳವಿರುತ್ತದೆ. ಒಬ್ಬಂಟಿಗೆ ಇನ್ನೇನು ಬೇಕು.

ನಮ್ಮದು ನೇಕಾರರ ಊರು. ಪವರ್‌ಲೂಮಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲವಾದ್ದರಿಂದ ನಾವು ದನಿಯಿಲ್ಲದೆ ತುಟಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಈ ವಿದ್ಯೆ ಥಿಯೇಟರಿನಲ್ಲೂ ನಡೆಯುತ್ತಿತ್ತು. ಆಗ ಹೆಂಗಸರು ಹಿಂದಿನ ಬಾಲ್ಕನಿಯಲ್ಲಿ, ಗಂಡಸರು ಕೆಳಗೆ. ಪರದೆಯ ಗಂಟೆ ಬಾರಿಸಿದ ಕೂಡಲೆ ನಾನು ಹಿಂದೆ ತಿರುಗಬೇಕು, ಶಾಂತವ್ವ ಮೇಲಿನಿಂದ ತುಟಿಯಲ್ಲೇ ಕೇಳಬೇಕು: "ಕೀಲಿ ಹಾಕಿ ಬಂದೀರಿಲ್ಲೋ?" "ಹಾಕೇನಿ" ಎಂದು ನಾನು ಜೇಬು ತಟ್ಟಬೇಕು. ಆಮೇಲೆಯೇ ನಾಟಕ. ಅವಳ ಮಗ್ಗುಲಲ್ಲಿ ಕೂಡುತ್ತಿದ್ದ ಪಕ್ಕದ ಮನೆಯ ಗಂಗವ್ವ ಇದನ್ನು ನೋಡಿ ನಗುತ್ತಿದ್ದಳು.

ಜಮಖಂಡಿಯಿಂದ ಬಂದ ಎಂಜಿನಿಯರ್ ಆ ಬಾಲ್ಕನಿಯನ್ನೇ ಕೆಡವಬೇಕೆಂದ. "ಈಗ ಹೆಣ್ಮಕ್ಕಳು ಕೆಳಗ ಎಲ್ಲಾರ ಜೋಡಿ ಕುಂಡ್ರತಾರ್ರಿ. ಮ್ಯಾಲಿಂದು ಯಾರಿಗೆ ಬೇಕು?"

ನಾನು ಎದ್ದು ನಿಂತು ಬಾಲ್ಕನಿಯ ಅಂಚಿನ ಸಾಗವಾನಿ ಕಟಾಂಜನದ ಕೆತ್ತನೆ, ಹಿರಿಯರ ಅಭಿರುಚಿ, ಪರಂಪರೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಕೆತ್ತನೆಯನ್ನು ನಾನು ಒಂದು ದಿನವೂ ನೋಡಿದವನಲ್ಲ. ಅಧ್ಯಕ್ಷರಾದ ನೂಲಿನ ವ್ಯಾಪಾರಿ ಮಲ್ಲಪ್ಪನವರಿಗೆ ಕಣ್ಣು ತುಂಬಿ ಬಂತು. "ಬಾಲ್ಕನಿ ಮುಟ್ಟಬ್ಯಾಡ್ರಿ. ತೊಲಿ ಕೊಟ್ಟು ಗಟ್ಟಿ ಮಾಡ್ರಿ" ಎಂದರು. ಮರ್ಯಾದೆಗೆಂದು ನನಗೆ ಮುಂದಿನ ಸಾಲಿನ ಮೆತ್ತನೆಯ ಕುರ್ಚಿ ಕೊಡಲು ಬಂದಾಗ, ಕಂಬದ ಹಿಂದಿನ ನನ್ನ ಹಳೆಯ ಜಾಗವೇ ಸಾಕೆಂದೆ. ಅಲ್ಲಿಂದ ರಂಗ ಅರ್ಧ ಕಾಣುತ್ತದೆ, ತಿರುಗಿದರೆ ಬಾಲ್ಕನಿ ಪೂರ್ತಿ. "ಎಷ್ಟ ಸಾದಾ ಮನಷ್ಯಾ ನೋಡ್ರಿ" ಎಂದು ಸಮಿತಿಯೆಲ್ಲ ಹೊಗಳಿತು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

ದುರಸ್ತಿ ಮುಗಿದ ಮೇಲೆ ಮೊದಲ ನಾಟಕದ ದಿನ ಗಂಟೆ ಬಾರಿಸಿತು, ಕತ್ತು ತಾನಾಗಿ ತಿರುಗಿತು. ಕೆಳಗೆ ಜಾಗವಿದ್ದರೂ ವಯಸ್ಸಾದ ಹೆಂಗಸರೆಲ್ಲ ರೂಢಿಯಂತೆ ಮೇಲೆಯೇ ಹತ್ತಿ ಕುಳಿತಿದ್ದರು. ಗಂಗವ್ವ ತನ್ನ ಜಾಗದಲ್ಲಿದ್ದಳು. ಅವಳ ಮಗ್ಗುಲಲ್ಲಿ, ಶಾಂತವ್ವನ ಜಾಗದಲ್ಲಿ, ಯಾರದೋ ಕೈಚೀಲವಿತ್ತು. ನನ್ನ ತುಟಿ ನನ್ನನ್ನು ಕೇಳದೆ "ಹಾಕೇನಿ" ಎಂದುಬಿಟ್ಟಿತು. ನೇಕಾರರ ಊರಿನಲ್ಲಿ ಇದೊಂದು ಕಷ್ಟ. ಸದ್ದಿಲ್ಲದೆ ಒಬ್ಬನೇ ಮಾತಾಡಿಕೊಂಡರೂ ಊರಿಗೆ ಕೇಳುತ್ತದೆ. ಗಂಗವ್ವ ನಗಲಿಲ್ಲ. ತುಟಿಯಲ್ಲೇ ಕೇಳಿದಳು: "ಯಾರ ಕೇಳಿದ್ರು ನಿಮ್ಮನ್ನ?"

ನಿಜ, ಯಾರೂ ಕೇಳಿರಲಿಲ್ಲ. ಜೇಬು ತಟ್ಟಿ ನೋಡಿದೆ. ಕೀಲಿಕೈ ಇರಲಿಲ್ಲ. ಕೇಳುವವರಿಲ್ಲದೆ ಬಾಗಿಲನ್ನು ಕೀಲಿ ಹಾಕದೆ ಹಾರುಹೊಡೆದು ಬಂದಿದ್ದೆ. ಎದ್ದು ಮನೆಗೆ ಓಡಬೇಕಾಗಿತ್ತು. ಓಡಲಿಲ್ಲ. ದೀಪ ಆರಿದ ಮೇಲೂ, ಮೇಲಿನಿಂದ ಇನ್ನೇನಾದರೂ ಕೇಳಿಯಾರೆಂದು, ಹಿಂದಕ್ಕೇ ತಿರುಗಿಕೊಂಡು ಕುಳಿತಿದ್ದೆ.