ಕೆಲ್ಲಿವಿಲ್ ಭಾವನ ಎರಡನೇ ಪಿಟೀಲು

ನಮ್ಮ ಭಾವನಷ್ಟು ವಿಧೇಯ ಗಂಡ ಇಡೀ ಆಸ್ಟ್ರೇಲಿಯಾದಲ್ಲಿ ಇನ್ನೊಬ್ಬರಿಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ! ಯಾಕೆಂದರೆ ಅವರು ಹುಟ್ಟಾ ಪಕ್ಕವಾದ್ಯದವರು. ಮೈಸೂರಿನಲ್ಲಿ ನಮ್ಮಕ್ಕ ಹಾಡುತ್ತಿದ್ದಳು, ಇವರು ಪಕ್ಕದಲ್ಲಿ ಕೂತು ಅವಳು ಹಾಡಿದ್ದನ್ನೇ ಪಿಟೀಲಿನಲ್ಲಿ ನುಡಿಸುತ್ತಿದ್ದರು. ಹಾಗೇ ಮದುವೆಯೂ ಆಯಿತು. ಈಗ ಸಿಡ್ನಿಯ ಕೆಲ್ಲಿವಿಲ್‌ನಲ್ಲಿ ಮನೆ, ಚಾಟ್ಸ್‌ವುಡ್‌ನಲ್ಲಿ ಆಫೀಸು; ಅಲ್ಲೂ ಅದೇ ಚಾಳಿ. ಮ್ಯಾನೇಜರ್ ಏನು ಹೇಳಿದರೂ ಅದರ ಕೊನೆಯ ಮಾತನ್ನು ಇವರು ರಾಗವಾಗಿ ತಿರುಗಿ ಹೇಳುತ್ತಾರೆ. ಎರಡು ಪ್ರಮೋಷನ್ ಮತ್ತೆ ಹೇಗೆ ಸಿಕ್ಕಿತು ಅಂದುಕೊಂಡಿರಿ?

ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಒರಟಾಯಿತು. "ಇನ್ನು ಹಾಡಲ್ಲ" ಅಂದುಬಿಟ್ಟಳು. ಭಾವನ ಪಿಟೀಲೂ ಪೆಟ್ಟಿಗೆ ಸೇರಿತು. ಆರು ವರ್ಷ! ಹೋದ ವರ್ಷ ಸಿಡ್ನಿಯ ಒಂದು ಚರ್ಚಿನಲ್ಲಿ ಇವರು ಸೊನಾಟಾ ಕೇಳಿದರು. ಮುನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ಎರಡು ಪಿಟೀಲು, ಒಂದು ಆರ್ಗನ್‌ಗೆಂದು ಬರೆದದ್ದು. ಮೊದಲನೇ ಪಿಟೀಲು ಹೇಳಿದ್ದನ್ನು ಎರಡನೆಯದು ಹಿಂದೆಯೇ ಹೇಳಿಕೊಂಡು ಬರುತ್ತದೆ. ಕೂಡಲೇ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುವ ನನಗೆ ಫೋನು: "ಅಯ್ಯೋ, ಇದು ನನ್ನ ಕೆಲಸಾನೇ ಕಣಯ್ಯಾ!"

ತಂಡ ಸೇರಿಯೇಬಿಟ್ಟರು. ಚರ್ಚಿನ ನೆಲಕ್ಕೆ ಜಮಖಾನ ಹಾಸಿ, ಶೂ ಬಿಚ್ಚಿ, ಚಕ್ಕಂಬಕ್ಕಳ ಹಾಕಿ ಕೂತರು. "ಮಿಕ್ಕವರ ಥರ ನಿಂತ್ಕೊಳ್ಳಿ ಭಾವ" ಅಂತ ಫೋನಿನಲ್ಲೇ ಅಂದೆ. "ನಿಂತ್ಕೊಳ್ಳೋಕೆ ಇದೇನು ಬಸ್ ಸ್ಟಾಪಾ?" ಅಂದರು. ನಲವತ್ತು ವರ್ಷ ಆರ್ಗನ್ ನುಡಿಸಿ ಪಳಗಿದ ಮುದುಕರಿಗೆ, "ನಿಮ್ಮ ಶ್ರುತಿಪೆಟ್ಟಿಗೆ ಬಹಳ ಚೆನ್ನಾಗಿದೆ" ಅಂತ ಇಂಗ್ಲಿಷಿನಲ್ಲಿ ಹೊಗಳಿದರು. ಪಾಪ, ಅವರು ಥ್ಯಾಂಕ್ಸ್ ಹೇಳಿದರು.

ಮನೆಯಲ್ಲಿ ಅಡುಗೆಕಟ್ಟೆಯ ಮೇಲೆ ಫೋನಿಟ್ಟು, ಬರೀ ಮೊದಲನೇ ಪಿಟೀಲಿನ ರೆಕಾರ್ಡಿಂಗ್ ಜೋರಾಗಿ ಹಾಕಿಕೊಂಡು ದಿನಾ ಪ್ರಾಕ್ಟೀಸು.

"ರೀ, ಅಷ್ಟು ದೊಡ್ಡ ಗರಾಜ್ ಇದೆ. ನನ್ನ ಒಗ್ಗರಣೆ ಮುಂದೇನೇ ಆಗ್ಬೇಕಾ?"

"ಇಲ್ಲಿ ಎಕೋ ಚೆನ್ನಾಗಿದೆ ಕಣೆ."

ಹೋದ ತಿಂಗಳು ಮೆಲ್ಬರ್ನ್‌ನ ಚರ್ಚೊಂದರಲ್ಲಿ ಇವರ ಕಚೇರಿ. ಅಕ್ಕನೂ ಬಂದಿದ್ದಳು. ಮಧ್ಯಾಹ್ನದ ರಿಹರ್ಸಲ್‌ಗೆ ಮೊದಲನೇ ಪಿಟೀಲಿನಾಕೆ ಬರಲೇ ಇಲ್ಲ, ಏರ್‌ಪೋರ್ಟಿನ ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದರು. ಆರ್ಗನ್ ಮುದುಕರು ಕಾದು ಕಾದು ಗಡಿಯಾರ ನೋಡಿದರು.

"ರೀ, ಶುರು ಮಾಡ್ರೀ, ಪಾಪ ಅವರು ಕಾಯ್ತಿದಾರೆ" ಅಂದಳು ಅಕ್ಕ.

"ಯಾರ ಹಿಂದೆ ನುಡಿಸ್ಲಿ?" ಅಂದರು ಭಾವ.

"ನಿಮ್ಮನ್ನ ಕಟ್ಕೊಂಡು ಸಾಕಾಗಿ ಹೋಯ್ತು!" ಅಂತ ಗೊಣಗುತ್ತಾ ಅಕ್ಕ ಚಪ್ಪಲಿ ಬಿಟ್ಟು, ಬಂದು ಜಮಖಾನದ ಮೇಲೆ ಕೂತಳು. ಮೊದಲನೇ ಪಿಟೀಲಿನ ಭಾಗವನ್ನು ಆ ಒರಟು ದನಿಯಲ್ಲೇ ಸ್ವರ ಹಾಕಿ ಹಾಡತೊಡಗಿದಳು. ಒಂದು ಕಡೆಯೂ ತಪ್ಪಲಿಲ್ಲ! ಆರ್ಗನ್ ಸೇರಿಕೊಂಡಿತು. ಭಾವ ಅವಳ ಹಿಂದೆಯೇ ನುಡಿಸಿಕೊಂಡು ಹೋದರು, ಮೈಸೂರಿನಲ್ಲಿದ್ದ ಹಾಗೆ. ಓಡಿ ಬಂದ ಪಿಟೀಲಿನಾಕೆ ಪೆಟ್ಟಿಗೆ ತೆರೆಯದೆ ಬಾಗಿಲಲ್ಲೇ ನಿಂತರು. ನನಗೆ ಅಳು ತಡೆಯಲಾಗಲಿಲ್ಲ.

ಕಚೇರಿ ಮುಗಿಸಿ ಕಾರಿನಲ್ಲಿ ಬರುವಾಗ ಮೆಲ್ಲಗೆ ಕೇಳಿದೆ, "ಅಷ್ಟೊಂದು ತಿಂಗಳು ಪ್ರಾಕ್ಟೀಸ್ ಬೇಕಿತ್ತಾ ಭಾವ ನಿಮಗೆ?"

"ನಂದು ಎರಡೇ ವಾರಕ್ಕೆ ಬಾಯಿಪಾಠ ಆಗಿತ್ತು ಕಣಯ್ಯಾ."

ಹಿಂದಿನ ಸೀಟಿನಲ್ಲಿ ಅಕ್ಕ ಏನೋ ಗುನುಗುತ್ತಿದ್ದಳು. ಭಾವ ಕೈಚಾಚಿ ರೇಡಿಯೋ ಆಫ್ ಮಾಡಿದರು.