ಅಂಪೈರ್ ಔಟಾದ ಪ್ರಕರಣ

ಪ್ರತಿಯೊಂದು ಕಸುಬಿನಲ್ಲೂ "ನನಗೆ ಗೊತ್ತಿಲ್ಲ" ಎಂದು ಹೇಳಲು ಒಂದು ಮರ್ಯಾದಸ್ಥ ಮಾತಿರುತ್ತದೆ. ಡಾಕ್ಟರು "ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎನ್ನುತ್ತಾರೆ. ಜೋಯಿಸರು "ಗ್ರಹಚಾರ ಸ್ವಲ್ಪ ಸರಿಯಿಲ್ಲ" ಎನ್ನುತ್ತಾರೆ. ಮೆಕ್ಯಾನಿಕ್ಕು ಬಾನೆಟ್ ಎತ್ತಿ, ಒಳಗೆ ಇಣುಕಿ, "ಕಂಪನಿ ಪಾರ್ಟೇ ಹೀಗೆ" ಎಂದು ನಿಟ್ಟುಸಿರು ಬಿಡುತ್ತಾನೆ. ನಾವು ವಕೀಲರು "ನೋಡೋಣ" ಎನ್ನುತ್ತೇವೆ. ಸಾಗರದ ಕೋರ್ಟಿನಲ್ಲಿ ಮೂವತ್ತು ವರ್ಷಗಳಿಂದ ಈ ಒಂದು ಶಬ್ದವನ್ನು ನಂಬಿಕೊಂಡೇ ನಾನು ಸಂಸಾರ ಸಾಗಿಸಿದ್ದೇನೆ. ಬೇಲಿ ಒತ್ತುವರಿ, ಗದ್ದೆಗೆ ಹೋಗುವ ದಾರಿಯ ತಕರಾರು, ಅಣ್ಣತಮ್ಮಂದಿರ ಪಾಲು, ಇಷ್ಟೇ ನನ್ನ ಪ್ರಪಂಚ. ಈ ಪ್ರಪಂಚದಲ್ಲಿ ಪ್ರತಿವಾದಿ ಎಂದರೆ ಬೇಲಿಯ ಆಚೆ ನಿಂತು ಬೈಯುವ ಮನುಷ್ಯ. ಅವನಿಗೆ ಮುಖವಿರುತ್ತದೆ, ಮನೆ ಇರುತ್ತದೆ, ನೋಟಿಸು ಕಳಿಸಿದರೆ ಸಹಿ ಹಾಕಿ ತೆಗೆದುಕೊಳ್ಳಲು ಹೆಂಡತಿಯೂ ಇರುತ್ತಾಳೆ. ಮುಖವೂ ಮನೆಯೂ ಇಲ್ಲದ ಪ್ರತಿವಾದಿ ಒಬ್ಬ ಇರಬಹುದೆಂದು ನನಗೆ ತಿಳಿದದ್ದು ಅಂಪೈರ್ ಧರ್ಮಪ್ಪನ ದೆಸೆಯಿಂದ.

ಧರ್ಮಪ್ಪನಿಗೆ ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವ ಸಣ್ಣ ಅಂಗಡಿ. ಆದರೆ ಅವನನ್ನು ಮೋಟಾರ್ ಧರ್ಮಪ್ಪ ಎಂದು ಯಾರೂ ಕರೆಯುವುದಿಲ್ಲ. ಭಾನುವಾರ ಬಂತೆಂದರೆ ಸಾಗರ, ನಗರ, ತೀರ್ಥಹಳ್ಳಿ, ಎಲ್ಲೇ ಟೆನಿಸ್ ಬಾಲ್ ಟೂರ್ನಮೆಂಟ್ ಇರಲಿ, ಬಿಳಿ ಟೋಪಿ ಹಾಕಿಕೊಂಡು ವಿಕೆಟ್ಟಿನ ಹಿಂದೆ ನಿಲ್ಲುವವನು ಅವನೇ. ಪಂದ್ಯ ಮುಗಿಯುವ ತನಕ ಎರಡೂ ತಂಡದವರ ಕೈಯಿಂದ ಒಂದು ಲೋಟ ಟೀ ಸಹ ಮುಟ್ಟುತ್ತಿರಲಿಲ್ಲ. ಒಮ್ಮೆ ಅದೇ ನಗರವೆಂಬ ಊರಿನಲ್ಲಿ ನಡೆದ ಫೈನಲ್ಲಿನಲ್ಲಿ ಸ್ವಂತ ಭಾವಮೈದುನನಿಗೆ ರನ್ನೌಟ್ ಕೊಟ್ಟುಬಿಟ್ಟ. ಆ ಮನೆಯವರು ಎರಡು ವರ್ಷ ಇವರ ಮನೆ ಹೊಸಿಲು ತುಳಿಯಲಿಲ್ಲ. "ಕಾಲು ಗೆರೆಯಿಂದ ಎರಡು ಬೆರಳು ಈಚೆ ಇತ್ತು. ನಾನೆಂತ ಮಾಡ್ಲಿ?" ಎಂದು ಧರ್ಮಪ್ಪ ಶಾಂತವಾಗಿ ಹೇಳುತ್ತಿದ್ದ. ವಕೀಲರ ಸಂಘದ ಪಂದ್ಯದಲ್ಲಿ ನನ್ನನ್ನೂ ಅವನು ಸೊನ್ನೆಗೆ ಔಟ್ ಮಾಡಿದ್ದಾನೆ. ನಾನು ಪಿಚ್ಚಿನ ಮೇಲೆಯೇ ಐದು ನಿಮಿಷ ವಾದ ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡು, "ಸಾರ್, ನೀವು ಹೇಳಿದ್ದೆಲ್ಲ ಸರಿ. ಹೋಗಿ ಬನ್ನಿ" ಎಂದ.

ಅಂಥವನು ಒಂದು ದಿನ ಮಧ್ಯಾಹ್ನ, ನಾನು ಊಟ ಮುಗಿಸಿ ಆಫೀಸಿನ ಕುರ್ಚಿಯಲ್ಲಿ ಕಾನೂನು ಪುಸ್ತಕದ ಮರೆಯಲ್ಲಿ ತೂಕಡಿಸುತ್ತಿದ್ದಾಗ, ಹೆಂಡತಿ ಲಲಿತಮ್ಮನನ್ನು ಮುಂದೆ ಬಿಟ್ಟುಕೊಂಡು ಒಳಗೆ ಬಂದ. ಲಲಿತಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಇನ್ನೂರು ಮಕ್ಕಳಿಗೆ ಒಂದೇ ಕೂಗಿನಲ್ಲಿ ಸಾಲು ಹಿಡಿಸಬಲ್ಲ ದನಿ. ಆ ದನಿ ಅಂದು ಕೆಳಗೆ ಇಳಿದಿತ್ತು.

"ವಕೀಲ್ರೆ, ಇವ್ರು ಮೊಬೈಲಲ್ಲಿ ಆಟ ಆಡಿದಾರೆ" ಎಂದರು.

"ಆಡ್ಲಿ ಬಿಡಿ ಲಲಿತಮ್ಮ, ವಯಸ್ಸಾದ ಮೇಲೆ ಎಲ್ರೂ ಆಡ್ತಾರೆ" ಎಂದೆ. ಹಣ್ಣುಗಳನ್ನು ಮೂರು ಮೂರಾಗಿ ಜೋಡಿಸಿ ಒಡೆಯುವ ಆಟವೊಂದನ್ನು ನಾನೂ ಕಕ್ಷಿದಾರರಿಲ್ಲದ ಹೊತ್ತಿನಲ್ಲಿ ಆಡುವುದುಂಟು.

"ಆ ಆಟ ಅಲ್ಲ. ಬೆಟ್ಟಿಂಗು. ಈಗ ನನ್ನ ಬ್ಯಾಂಕಿನ ಖಾತೆ ಫ್ರೀಜ್ ಆಗಿದೆ. ಗ್ಯಾಸಿಗೆ ಅಂತ ದುಡ್ಡು ತೆಗಿಯಕ್ಕೆ ಹೋದ್ರೆ ಮ್ಯಾನೇಜರ್ರು 'ಫ್ರೀಜ್ ಇದೆಯಮ್ಮ' ಅಂದ್ರು. ನಮ್ಮನೇಲಿ ಫ್ರಿಜ್ಜೇ ಇಲ್ಲ ಸಾರ್ ಅಂದೆ. ಬ್ಯಾಂಕಿನವ್ರೆಲ್ಲ ನಕ್ಕರು. ಹೊರಗೆ ಬಂದ್ಮೇಲೆ ನಗೋ ವಿಷ್ಯ ಅಲ್ಲ ಅಂತ ಗೊತ್ತಾಯ್ತು."

ಧರ್ಮಪ್ಪ ತಲೆ ತಗ್ಗಿಸಿ ನಿಂತೇ ಇದ್ದ. ಕೂರು ಎಂದರೂ ಕೂರಲಿಲ್ಲ. ನಿಧಾನವಾಗಿ, ಒಂದೊಂದೇ ತುಂಡಾಗಿ ಮಾತು ಹೊರಗೆ ಬಂತು. ಅಂಗಡಿಗೆ ಬಂದ ಯಾರೋ ಗಿರಾಕಿ ಆ ಆ್ಯಪ್ ತೋರಿಸಿದ್ದು. ಮುಂದಿನ ಚೆಂಡು ವೈಡೋ, ಫೋರೋ, ವಿಕೆಟ್ಟೋ ಎಂದು ಒಂದೊಂದು ಚೆಂಡಿಗೂ ಹಣ ಕಟ್ಟುವುದು. ಇಪ್ಪತ್ತೈದು ವರ್ಷ ಬೌಲರನ ಭುಜವನ್ನೇ ನೋಡಿಕೊಂಡು ನಿಂತವನಿಗೆ ಇದೆಂಥ ಮಹಾ ವಿದ್ಯೆ? ಮೊದಲ ವಾರ ಗೆದ್ದ. ಆಮೇಲೆ ಗೆಲ್ಲಲಿಲ್ಲ. ಆದರೆ ಬಿಡಲೂ ಆಗಲಿಲ್ಲ. ನಮ್ಮ ದೇಶದ ಪಂದ್ಯ ಮುಗಿದರೆ ಇನ್ಯಾವುದೋ ದೇಶದ ಪಂದ್ಯ, ಅದೂ ಇಲ್ಲದಿದ್ದರೆ ಹೆಸರು ಹೇಳಲು ಬಾರದ ಊರಿನ ಟೇಬಲ್ ಟೆನಿಸ್ಸು. ನಾಲ್ಕು ದಿನ ಹಟ ಹಿಡಿದು ಬಿಟ್ಟಿದ್ದನಂತೆ. ಐದನೆಯ ದಿನ ಆ್ಯಪಿನವರೇ ಫೋನು ಮಾಡಿದರು. ಹೆಣ್ಣುಮಗಳೊಬ್ಬಳ ಇಂಪಾದ ದನಿ. "ಸರ್, ನೀವು ನಮ್ಮ ವಿಐಪಿ. ನಿಮಗೋಸ್ಕರ ಅಂತಲೇ ಬೋನಸ್ ಇಟ್ಟಿದೀವಿ" ಎಂದಳಂತೆ.

"ನನ್ನ ಜನ್ಮದಲ್ಲಿ ಯಾರೂ ನನ್ನನ್ನ ವಿಐಪಿ ಅಂದಿರ್ಲಿಲ್ಲ ಸಾರ್" ಎಂದ ಧರ್ಮಪ್ಪ.

ನಗು ಬರಬೇಕಾದ ಮಾತು. ಬರಲಿಲ್ಲ.

"ಅಂಪೈರಿಂಗ್ ಎಂತಕ್ಕೆ ಬಿಟ್ಟೆ ಅಂತನೂ ಹೇಳಿ" ಎಂದು ಲಲಿತಮ್ಮ ತಿವಿದರು. ಅವನು ಕಿಟಕಿಯ ಕಡೆ ತಿರುಗಿಕೊಂಡು ಹೇಳಿದ. ತೀರ್ಥಹಳ್ಳಿಯಲ್ಲಿ ಒಂದು ಪಂದ್ಯ. ಹುಡುಗ ಓಡಿ ಬರುತ್ತಿದ್ದಾನೆ. ಇವನ ತಲೆಯಲ್ಲಿ ಮಾತ್ರ "ಇದು ವೈಡು, ಇದಕ್ಕೆ ಐನೂರು" ಎಂದು ಓಡುತ್ತಿದೆ. ಚೆಂಡು ಎಣಿಸುವುದು ಮರೆತು ಓವರಿಗೆ ಆರರ ಬದಲು ಏಳು ಹಾಕಿಸಿಬಿಟ್ಟ. ಯಾರೂ ಏನೂ ಅನ್ನಲಿಲ್ಲ. ಧರ್ಮಪ್ಪ ಎಣಿಸಿದ್ದು ಎಂದರೆ ಸರಿಯಾಗಿಯೇ ಇರಬೇಕು ಎಂದು ಎರಡೂ ತಂಡದವರು ನಂಬಿಕೊಂಡರು. ಆ ನಂಬಿಕೆಯನ್ನು ತಡೆಯಲಾರದೆ ಅವನು ಟೋಪಿ ತೆಗೆದು ಸಂಘಟಕರ ಕೈಗೆ ಕೊಟ್ಟು, ತಲೆನೋವು ಎಂದು ಸುಳ್ಳು ಹೇಳಿ ಬಸ್ಸು ಹತ್ತಿದ್ದ.

ನಾನು "ನೋಡೋಣ" ಎಂದೆ.

ಅವರು ಹೋದ ಮೇಲೆ ನನ್ನೊಳಗಿನ ವಕೀಲ ಕೆರಳಿದ. ಮೂರು ಪುಟದ ಲೀಗಲ್ ನೋಟಿಸು ಬರೆದೆ. "ನನ್ನ ಕಕ್ಷಿದಾರರನ್ನು ಆಮಿಷಕ್ಕೊಳಪಡಿಸಿ", "ಸಿವಿಲ್ ಹಾಗೂ ಕ್ರಿಮಿನಲ್ ಕ್ರಮಗಳಿಗೆ ತಾವೇ ಹೊಣೆ" ಇತ್ಯಾದಿ ಗುಡುಗುಗಳೆಲ್ಲ ಇದ್ದವು. ಆ್ಯಪಿನಲ್ಲಿ ವಿಳಾಸ ಹುಡುಕಿದರೆ ಎಲ್ಲಿಯದೋ ಸಮುದ್ರದ ನಡುವಿನ ಒಂದು ದ್ವೀಪ, ಒಂದು ಪೋಸ್ಟ್ ಬಾಕ್ಸು. ಅಂಚೆ ಕಚೇರಿಯ ಹೆಣ್ಣುಮಗಳು ಲಕೋಟೆಯನ್ನು ತಿರುಗಿಸಿ ನೋಡಿ, "ಸಾರ್, ಇಲ್ಲಿ ಜನ ಇದಾರಾ?" ಎಂದು ಕೇಳಿದಳು. ಯಾವುದಕ್ಕೂ ಇರಲಿ ಎಂದು ಅದನ್ನೇ ಅವರ ಇಮೇಲಿಗೂ ಕಳಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು. "ಪ್ರಿಯ ಆಟಗಾರರೇ, ನಮ್ಮ ಕುಟುಂಬಕ್ಕೆ ಸ್ವಾಗತ! ನಿಮ್ಮ ಮೊದಲ ಠೇವಣಿಗೆ ದುಪ್ಪಟ್ಟು ಬೋನಸ್!" ನನ್ನ ವೃತ್ತಿಜೀವನದಲ್ಲಿ ನೋಟಿಸಿಗೆ ಬೈಗುಳದ ಉತ್ತರ ಬಂದದ್ದಿದೆ, ಮೌನದ ಉತ್ತರ ಬಂದದ್ದಿದೆ. ಸ್ವಾಗತ ಬಂದದ್ದು ಇದೇ ಮೊದಲು.

ಆ ಅವಮಾನದಲ್ಲಿಯೇ ತೀರ್ಥಹಳ್ಳಿಯ ಪದ್ಮಾವತಿಗೆ ಫೋನು ಮಾಡಿದೆ. ಪದ್ಮಾವತಿ ನನಗಿಂತ ಹದಿನೈದು ವರ್ಷ ಕಿರಿಯ ವಕೀಲೆ. ಸೈಬರ್ ಪ್ರಕರಣಗಳೆಂದರೆ ಆಕೆಗೆ ನೀರು ಕುಡಿದಷ್ಟು ಸುಲಭ. ಒಂದು ಬೇಲಿಯ ದಾವೆಯಲ್ಲಿ ನನ್ನನ್ನು ಸೋಲಿಸಿದ್ದಳಾದ್ದರಿಂದ ನಾಲ್ಕು ವರ್ಷಗಳಿಂದ ನಾನು ಆಕೆಯೊಂದಿಗೆ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. "ಇದು ನನಗೆ ಗೊತ್ತಿಲ್ಲಮ್ಮ" ಎಂದೆ. "ಸರ್, ಇನ್ನೊಂದ್ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೊಳ್ತೀನಿ" ಎಂದಳು. ಮೂವರೂ ಬನ್ನಿ ಎಂದಳು.

ಮಾರನೆಯ ದಿನವೇ ನಾನು ಸಾಗರದಿಂದ ಬಸ್ಸು ಹಿಡಿದೆ. ಹೊಸನಗರದಲ್ಲಿ ಗಂಡ ಹೆಂಡತಿ ಹತ್ತಿಕೊಂಡರು. ತೀರ್ಥಹಳ್ಳಿಯಲ್ಲಿ ಪದ್ಮಾವತಿಯ ಮೇಜಿನ ಮುಂದೆ ಕೂತ ಧರ್ಮಪ್ಪ ಕೇಳಿದ ಮೊದಲ ಪ್ರಶ್ನೆ, "ಮೇಡಂ, ನನ್ನನ್ನ ಒಳಗೆ ಹಾಕ್ತಾರಾ?"

"ಎಂತಕ್ಕೆ ಹಾಕ್ತಾರೆ? ಕೇಂದ್ರದ ಹೊಸ ಕಾನೂನು ಇರೋದು ಆಡಿಸಿದವರ ಮೇಲೆ, ಜಾಹೀರಾತು ಮಾಡಿದವರ ಮೇಲೆ, ಅವ್ರ ದುಡ್ಡು ಸಾಗಿಸಿದವರ ಮೇಲೆ. ಆಡಿದವ್ರು ಪೆಟ್ಟು ತಿಂದವ್ರು ಅಂತಲೇ ಲೆಕ್ಕ."

ಅವನ ಹೆಗಲು ಅರ್ಧ ಇಂಚು ಕೆಳಗಿಳಿದದ್ದು ನನಗೆ ಕಾಣಿಸಿತು. ಎಷ್ಟು ದಿನದಿಂದ ಆ ಹೆದರಿಕೆ ಹೊತ್ತುಕೊಂಡಿದ್ದನೋ.

"ಹೋದ ದುಡ್ಡು ವಾಪಸ್ ಬರತ್ತಾ?" ಎಂದರು ಲಲಿತಮ್ಮ. ಈ ಒಂದು ವಿಷಯ ನನಗೆ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು, "ಕರಾರು ಕಾಯ್ದೆಯ ಪ್ರಕಾರ ಬಾಜಿಯ ಒಪ್ಪಂದವೇ ಅನೂರ್ಜಿತ. ಅದರ ಮೇಲೆ ದಾವೆ ಹೂಡೋ ಹಾಗಿಲ್ಲ" ಎಂದೆ. ಮೂವರೂ ನನ್ನನ್ನು ನೋಡಿದರು. ಗೊತ್ತಿದ್ದ ಒಂದೇ ಒಂದು ವಿಷಯ ಯಾರಿಗೂ ಬೇಡದ್ದಾಗಿತ್ತು.

ಪದ್ಮಾವತಿ ಮಾತ್ರ ಹುಸಿ ಭರವಸೆ ಕೊಡದೆ, ಹೆದರಿಸದೆ ಬಿಡಿಸಿ ಹೇಳಿದಳು. ಹೋದದ್ದರಲ್ಲಿ ಬಹುಪಾಲು ಹೋದ ಹಾಗೆಯೇ. ಆದರೆ ಸೈಬರ್ ಪೊಲೀಸರಿಗೆ ದೂರು ಕೊಟ್ಟರೆ, ಇತ್ತೀಚೆಗೆ ಕಟ್ಟಿದ ಹಣ ಯಾವುದಾದರೂ ಖಾತೆಯಲ್ಲಿ ಸಿಕ್ಕಿಬಿದ್ದಿದ್ದರೆ, ಅದನ್ನು ಕೋರ್ಟಿನ ಮೂಲಕ ಬಿಡಿಸಿಕೊಳ್ಳಬಹುದು. ಜಾಹೀರಾತು ನಂಬಿಸಿ ಮೋಸ ಮಾಡಿದ್ದಕ್ಕೆ ಗ್ರಾಹಕರ ಆಯೋಗವಿದೆ, ಆದರೆ ಎದುರು ಪಕ್ಷದವರನ್ನು ಹುಡುಕುವುದೇ ಕಷ್ಟ. ಫೀಸಿಗೆ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಇನ್ನು ಲಲಿತಮ್ಮನ ಖಾತೆ. ಧರ್ಮಪ್ಪ ಆ್ಯಪಿಗೆ ಕೊಟ್ಟಿದ್ದು ಅದರ ನಂಬರನ್ನೇ. ಗಂಡ ಗೆದ್ದ ಒಂದು ಸಣ್ಣ ಮೊತ್ತವನ್ನು ಆ್ಯಪಿನವರು ಬೇರೆ ಯಾರದೋ ಕದ್ದ ಹಣದಿಂದ ಆ ಖಾತೆಗೆ ಹಾಕಿದ್ದರು. ಕಳೆದುಕೊಂಡವನು ದೂರದ ರಾಜ್ಯದಲ್ಲಿ ದೂರು ಕೊಟ್ಟಿದ್ದ. ಅಲ್ಲಿಯ ಪೊಲೀಸರು ಇಲ್ಲಿಯ ಬಿಸಿಯೂಟದ ಸಂಬಳಕ್ಕೆ ಬೀಗ ಹಾಕಿಸಿದ್ದರು. "ತಕರಾರಿನ ಹಣ ಎಷ್ಟೋ ಅಷ್ಟನ್ನ ಮಾತ್ರ ಹಿಡ್ಕೊಳ್ಳಿ, ಉಳಿದಿದ್ದು ಬಿಡಿ ಅಂತ ಆ ಪೊಲೀಸ್ರಿಗೂ ಬ್ಯಾಂಕಿಗೂ ಬರೆಯೋಣ. ಕೇಳ್ಲಿಲ್ಲ ಅಂದ್ರೆ ಕೋರ್ಟಿಗೆ ಹೋಗೋಣ. ಮೊದ್ಲು ನಡೆದಿದ್ದು ಪೂರ್ತಿ ಧರ್ಮಪ್ಪನವರೇ ಬರೀಬೇಕು. ಒಂದಕ್ಷರ ಮುಚ್ಚಿಡಬಾರ್ದು" ಎಂದಳು.

ಧರ್ಮಪ್ಪ ಮೂಲೆಯ ಬೆಂಚಿನಲ್ಲಿ ಕೂತು ಎರಡು ಗಂಟೆ ಬರೆದ. ಪಂದ್ಯದ ವರದಿಯ ಹಾಗೆ ದಿನ, ಹೊತ್ತು, ಆಟ, ಮೊತ್ತ, ಎಲ್ಲ ಸಾಲಾಗಿ. ತಂದು ಕೊಟ್ಟಾಗ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ "ತಪ್ಪು ನನ್ನದು" ಎಂದಿತ್ತು.

"ಇದನ್ನ ತೆಗೀರಿ" ಎಂದಳು ಪದ್ಮಾವತಿ.

"ತೆಗಿಯಲ್ಲ ಮೇಡಂ. ಔಟಾಗಿದ್ದು ಔಟೇ. ಹೆರವರಿಗೆ ಕೊಡೋವಾಗ ಒಂದು ನ್ಯಾಯ, ನನಗೆ ಒಂದು ನ್ಯಾಯ ಮಾಡಕ್ಕೆ ಆಗಲ್ಲ."

ನಾನೂ ಪದ್ಮಾವತಿಯೂ ಸೇರಿ ಹತ್ತು ನಿಮಿಷ ವಾದಿಸಿದೆವು. ಎರಡು ಡಿಗ್ರಿ, ಎರಡು ಕೋಟು. ಅಂಪೈರ್ ಜಗ್ಗಲಿಲ್ಲ. ಆಗ ಲಲಿತಮ್ಮ ಕೇಳಿದರು, "ಅಲ್ಲ, ಚೆಂಡು ಹಾಕೋನು ಗೆರೆ ದಾಟಿ ಬಂದು ಹಾಕಿದ್ರೆ ಎಂತ ಅಂತೀರಿ ನೀವು?"

"ನೋಬಾಲ್."

"ಅದಕ್ಕೆ ಬೌಲ್ಡ್ ಆದ್ರೆ ಔಟ್ ಕೊಡ್ತೀರಾ?"

"ಇಲ್ಲ."

"ಮತ್ತೆ? ಈ ಆ್ಯಪಿನವ್ರು ಎಷ್ಟು ಗೆರೆ ದಾಟಿ ಬಂದು ಹಾಕಿದಾರೆ ನಿಮಗೆ? ಬಿಟ್ಟೋನಿಗೆ ಫೋನ್ ಮಾಡಿ ಕರೆದಿದಾರೆ. ಅಂಗಡಿ ಒಳಗೇ ಬಂದು ಹಾಕಿದಾರೆ. ನೀವು ಬ್ಯಾಟ್ ಬೀಸಿದ್ದು ತಪ್ಪೇ, ನಾನು ಇಲ್ಲ ಅನ್ನಲ್ಲ. ಆದ್ರೆ ನೋಬಾಲಿಗೆ ಔಟ್ ಕೊಟ್ಕೋಬೇಡಿ."

ಧರ್ಮಪ್ಪ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಇಪ್ಪತ್ತೈದು ವರ್ಷದಲ್ಲಿ ಒಂದು ಪಂದ್ಯಕ್ಕೂ ಬಾರದ ಹೆಂಗಸು ಇದನ್ನೆಲ್ಲ ಯಾವಾಗ ಕಲಿತಳು ಎಂದೋ ಏನೋ. ಕಣ್ಣೊರೆಸಿಕೊಂಡ. ಪೆನ್ನು ತೆಗೆದುಕೊಂಡು ಆ ಎರಡು ಶಬ್ದಗಳ ಮೇಲೆ ನೀಟಾಗಿ ಗೀಟು ಎಳೆದ. ಪದ್ಮಾವತಿ ಕಡತದಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದಳು. ನಾನು ಟೀ ಹೇಳಿ ಬರುತ್ತೇನೆಂದು ಹೊರಗೆ ಹೋದೆ.

ಆಮೇಲಿನದು ಕಾಗದ, ಅಲೆದಾಟ, ಫೋನಿಗಾಗಿ ಕಾಯುವುದು. ಮೂರು ತಿಂಗಳ ಮೇಲೆ ಲಲಿತಮ್ಮನ ಖಾತೆ ತೆರೆಯಿತು. ತಕರಾರಿನ ಹಣವಷ್ಟೇ ಬೀಗದೊಳಗೆ ಉಳಿಯಿತು. ಕೊನೆಯ ಎರಡು ಸಲ ಕಟ್ಟಿದ ದುಡ್ಡು ಎಲ್ಲಿಯದೋ ಖಾತೆಯಲ್ಲಿ ಸಿಕ್ಕಿಬಿದ್ದಿತ್ತು, ಅದನ್ನು ವಾಪಸ್ ಕೊಡಿಸಲು ಕೋರ್ಟಿನ ಆದೇಶವಾಯಿತು. ಕಳೆದುಕೊಂಡದ್ದರ ಮುಂದೆ ಅದು ಉಪ್ಪಿನಕಾಯಿಯಷ್ಟು. ಗ್ರಾಹಕರ ಆಯೋಗದ ದೂರು ಇನ್ನೂ ಇದೆ. ಧರ್ಮಪ್ಪ ಗುಂಡಿ ಒತ್ತುವ ಹಳೆಯ ಫೋನಿಗೆ ಇಳಿದಿದ್ದಾನೆ. ಪದ್ಮಾವತಿಯ ಒತ್ತಾಯಕ್ಕೆ ಆಸ್ಪತ್ರೆಯ ಆಪ್ತಸಮಾಲೋಚಕರ ಬಳಿ ಹೋಗಲು ಶುರುಮಾಡಿದ. ಮೊದಲು ನಾಚಿಕೊಂಡ. ಈಗ ತಪ್ಪಿಸುವುದಿಲ್ಲ. ಟೂರ್ನಮೆಂಟಿನವರು ಮನೆಗೇ ಬಂದು ಕರೆದರೂ, "ಆಸ್ಪತ್ರೆಯವ್ರು ಸೈ ಅನ್ಲಿ, ಆಮೇಲೆ ನಿಲ್ತೀನಿ" ಎಂದು ಕಾದಿದ್ದಾನೆ.

ಮೊನ್ನೆ ಇಬ್ಬರೂ ನನ್ನ ಆಫೀಸಿಗೆ ಬಂದಿದ್ದರು. ಲಲಿತಮ್ಮನ ದನಿ ಮತ್ತೆ ಇನ್ನೂರು ಮಕ್ಕಳನ್ನು ಹಿಡಿಯುವಷ್ಟಾಗಿತ್ತು. "ಆಯೋಗದ ಕೇಸು ನಮ್ಮ ಕಡೆ ಆಗತ್ತಾ ವಕೀಲ್ರೆ?" ಎಂದು ಕೇಳಿದರು. ನನಗೆ ಈಗ ಈ ವಿಷಯದಲ್ಲಿ ಸ್ವಲ್ಪ ಜ್ಞಾನ ಬಂದಿದೆ. ಆ ಜ್ಞಾನದ ಅಮಲಿನಲ್ಲಿ ಮೇಜು ಕುಟ್ಟಿ, "ಆಗ್ದೆ ಏನು? ನೂರಕ್ಕೆ ನೂರು ಆಗತ್ತೆ. ಬೇಕಾದ್ರೆ ಸಾವಿರ ರೂಪಾಯಿ ಬೆಟ್ ಕಟ್ತೀನಿ!" ಎಂದುಬಿಟ್ಟೆ.

ಲಲಿತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಧರ್ಮಪ್ಪ ನನ್ನನ್ನು ಮರುಕದಿಂದ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ತಗ್ಗಿದ ದನಿಯಲ್ಲಿ ಹೇಳಿದ: "ಸಾರ್, ಗುರುವಾರ ನಾನು ಆಸ್ಪತ್ರೆಗೆ ಹೋಗ್ತೀನಿ. ನೀವೂ ಬನ್ನಿ. ಮೊದಲನೇ ಸಲ ಒಬ್ರೇ ಹೋಗಕ್ಕೆ ಒಂಥರಾ ಆಗತ್ತೆ."

ಮೂವತ್ತು ವರ್ಷಗಳಿಂದ ಸಲಹೆ ಕೊಟ್ಟೇ ಬದುಕಿದವನು ನಾನು. ಕಕ್ಷಿದಾರನೊಬ್ಬ ತಿರುಗಿ ನನಗೇ ಸಲಹೆ ಕೊಟ್ಟದ್ದು ಇದೇ ಮೊದಲು. ಅದೂ ನನ್ನ ಹಾಗಲ್ಲ, ಸರಿಯಾದ ಸಲಹೆ, ಫೀಸೂ ಇಲ್ಲದೆ.